ಮನೆಯಲ್ಲಿ ಕರೆಯುವ ಹೆಸರು

ನಿಶ್ಮಿತಾಳಿಗೆ ಒಂದು ಅಭ್ಯಾಸ. ದಾರಿಯಲ್ಲಿ ಕಂಡದ್ದಕ್ಕೆಲ್ಲ ತುಟಿಯೊಳಗೇ ಫ್ರೆಂಚಿನಲ್ಲಿ ಹೆಸರು ಹೇಳಿಕೊಂಡು ನಡೆಯುವುದು. ಬೆಕ್ಕು, ಬೀಗ, ದರ್ಜಿ ಅಂಗಡಿಯ ಕತ್ತರಿ... ಯಾವುದನ್ನೂ ಬಿಡುವವಳಲ್ಲ. ಎದುರು ಯಾರಾದರೂ ಬಂದರೆ ತುಟಿ ಬಂದ್.

ನನ್ನ ಚಿಕ್ಕಪ್ಪನ ಮಗಳು ಅವಳು. ದೋಹಾದ ನಜ್ಮಾದಲ್ಲಿ ಭವ್ಯಶ್ರೀಯ ಜೊತೆ ಒಂದೇ ಕೋಣೆ. ಇಬ್ಬರೂ ಸುರತ್ಕಲ್ಲಿನವರು, ಇಬ್ಬರಿಗೂ ವೆಸ್ಟ್ ಬೇಯ ಒಂದೇ ಆಫೀಸು. ಅಲ್ಲಿ ಇವರ ಸೆಕ್ಷನ್ ಮುಚ್ಚುವುದೆಂದು ತೀರ್ಮಾನವಾಗಿತ್ತು. ಫ್ರೆಂಚ್ ಬರುವ ಒಬ್ಬಳನ್ನು ಮಾತ್ರ ರಿಸೆಪ್ಶನ್ನಿಗೆ ಇಟ್ಟುಕೊಳ್ಳುತ್ತಾರಂತೆ. ಉಳಿದವರಿಗೆ ಖಲಾಸ್, ಊರಿನ ಟಿಕೆಟ್. ನೀನೇ ಕಲಿ ಮಾರಾಯ್ತಿ, ನನಗೆ ಹೇಗೂ ಊರಲ್ಲಿ ಗಂಡು ನೋಡಿ ಆಗಿದೆ ಎಂದು ಹುರಿದುಂಬಿಸಿದವಳೇ ಭವ್ಯಶ್ರೀ. ದಿನಾ ಊಟವಾದ ಮೇಲೆ ಫೋನು ಹಿಡಿದು ಕೂತು ಇವಳ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳೂ ಅವಳೇ.

ಆದರೆ ಮಾತಾಡಿ ರೂಢಿಯಾಗುವುದು ಯಾರ ಹತ್ತಿರ? ಬ್ರೆಡ್ ಅಂಗಡಿಯ ಟ್ಯುನೀಷಿಯಾದವನು ಇವಳು ಬಾಯಿ ತೆರೆದರೆ ನಗುತ್ತಿದ್ದ. ಪಕ್ಕದ ಕಟ್ಟಡದ ಲೆಬನಾನಿನ ಹೆಂಗಸು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಮುಗಿಸುತ್ತಿದ್ದಳು.

ಒಂದು ದಿನ ಆಫೀಸಿನ ಬಸ್ಸು ತಡವಾಗಿ, ಇಳಿಯುವಾಗ ಕತ್ತಲಾಗಿತ್ತು. ಗಲ್ಲಿಯ ಕೊನೆಯಲ್ಲಿ ಒಂದು ಪಾಳು ವಿಲ್ಲಾ. ಅದರ ಅಂಗಳದಲ್ಲಿ ನಮ್ಮ ಬೋರೆಯಂಥದ್ದೇ ಮುಳ್ಳಿನ ಮರ, ಅದರ ಬುಡದಲ್ಲಿ ತಗಡು ಮುಚ್ಚಿದ ಹಳೇ ಬಾವಿ. ಬಾವಿಗೆ ಫ್ರೆಂಚಿನಲ್ಲಿ ಏನು? ನಿಶ್ಮಿತಾಳಿಗೆ ಹೊಳೆಯಲಿಲ್ಲ. ನಿಂತಳು.

ಗೋಡೆಗಳ ಮೇಲಿನ ಎಸಿಗಳೆಲ್ಲ ಗುರ್ರ್ ಎನ್ನುತ್ತಿದ್ದವು... ಒಮ್ಮೆಲೇ ನಿಂತವು. ಪೈಪಿನಿಂದ ನೀರು ಬೀಳುವುದೊಂದೇ. ಟಪ್... ಟಪ್...

'ಪ್ವಿ' ಎಂದಿತು ಒಂದು ದನಿ. ಬಾವಿಗೆ ಫ್ರೆಂಚಿನ ಹೆಸರು. ಹಿಂದೆಯೇ ನಾಲಗೆ ಲೊಚಗುಟ್ಟಿದ ಸದ್ದು. ಟ್ಚ್.

ತಗಡಿನ ಮೇಲೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಕೂತಿದ್ದಳು. ನಗಲಿಲ್ಲ. ಇವಳು ತಪ್ಪಿದಲ್ಲೆಲ್ಲ ಟ್ಚ್ ಎಂದು ತಿದ್ದಿದಳು, ಅಷ್ಟೇ. ನಿಶ್ಮಿತಾಳಿಗೆ ಅದೇ ಹಿತವಾಯಿತು. ಮರುದಿನವೂ ಹೋದಳು, ಅದರ ಮರುದಿನವೂ. ಹೀಗೇ ಒಂದು ಸಂಜೆ, ಫೀಸು ಏನು ಕೊಡಲಿ ಎಂದು ಕೇಳಿಬಿಟ್ಟಳು.

ಹೆಂಗಸು ಪಿಸುಗುಟ್ಟಿದಳು. 'ನಿನ್ನನ್ನು ಮನೆಯಲ್ಲಿ ಏನಂತ ಕರೀತಾರೆ? ಆ ಹೆಸರು ಕೊಡು. ಒಂದೇ ರಾತ್ರಿಯಲ್ಲಿ ಎಲ್ಲ ಮಾತೂ ಬರ್ತದೆ.'

ನಿಶ್ಮಿತಾ ಒಂದು ಹೆಜ್ಜೆ ಹಿಂದೆ ಸರಿದಳು. ನಮ್ಮ ಅಜ್ಜಿ ಅನ್ನದ ತುತ್ತಿನ ಜೊತೆಗೇ ಉಣ್ಣಿಸಿದ ಮಾತದು: ಕತ್ತಲಾದ ಮೇಲೆ ಗುರುತಿಲ್ಲದವರು ಕೇಳಿದರೆ ಶಾಲೆಯ ಹೆಸರು ಹೇಳಬೇಕು, ಮನೆಯ ಹೆಸರು ಹೇಳಬಾರದು. ನಿಧಾನಕ್ಕೇ ಕಲಿಯುತ್ತೇನೆ ಎಂದವಳೇ ತಿರುಗಿ ನೋಡದೆ ಬಂದಳು. ಕೋಣೆಗೆ ಬಂದು, ಬೇರೆ ಯಾರಿದ್ದಾರೆ ಹೇಳಿಕೊಳ್ಳಲು, ಎಲ್ಲವನ್ನೂ ಭವ್ಯಶ್ರೀಗೆ ಹೇಳಿದಳು. ಭವ್ಯಶ್ರೀ ಅವಳ ಬೆನ್ನು ಸವರಿ, ಇನ್ನು ಆ ಕಡೆ ಹೋಗಬೇಡ ಎಂದಳು.

ಮರುವಾರ ನಿಶ್ಮಿತಾ ಬಾಗಿಲು ತೆಗೆಯುವಾಗ ಒಳಗೆ ಭವ್ಯಶ್ರೀ ಸಾರು ಕಲಕುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಳು. ಫ್ರೆಂಚಿನಲ್ಲಿ... ಒಂದು ಕಡೆಯೂ ತಡವರಿಸದೆ. ನಡುವೆ ಒಮ್ಮೆ, ಟ್ಚ್.

ಅವಳು ಫೋನು ಇಡುವವರೆಗೆ ನಿಶ್ಮಿತಾ ಹೊಸ್ತಿಲಲ್ಲೇ ನಿಂತಿದ್ದಳು.

'ಅಲ್ಲಿಗೆ ಹೋದೆಯಾ?'

'ಹೂಂ.'

'ನಿನಗೆ ಗಂಡು ನೋಡಿ ಆಗಿದೆ ಅಂದಿದ್ದೆಯಲ್ಲ.'

'ಯಾವ ಗಂಡು?'

'ನಿನ್ನ ಹೆಸರು... ಕೊಟ್ಟೆಯಾ?'

ಭವ್ಯಶ್ರೀ ಗ್ಯಾಸ್ ಸಣ್ಣ ಮಾಡಿದಳು. 'ನನ್ನದು ಯಾಕೆ ಕೊಡ್ಲಿ? ನಿನ್ನದು ಕೊಟ್ಟೆ. ದಿನಾ ಸ್ಪೀಕರಿನಲ್ಲಿ ನಿನ್ನಮ್ಮ ಕರೆಯೋದು ಕೇಳ್ತದಲ್ಲ.' ಸಾರಿನ ಉಪ್ಪು ನೋಡಿ ಮತ್ತೆ ಹೇಳಿದಳು. 'ಎಂತ ಹಾಗೆ ನೋಡ್ತಿ? ಇಲ್ಲಿ ಆ ಹೆಸರು ನಿನಗೆ ಯಾವ ಉಪಯೋಗಕ್ಕೆ? ಆಫೀಸಲ್ಲಿ ಎಲ್ಲರೂ ನಿಶಾ ಅಂತಾರೆ.'

ನಿಶ್ಮಿತಾ ಆ ಹೆಸರನ್ನು ಮನಸ್ಸಿನೊಳಗೇ ಹೇಳಿಕೊಳ್ಳಲು ನೋಡಿದಳು. ಕಿತ್ತ ಹಲ್ಲಿನ ಜಾಗಕ್ಕೆ ನಾಲಗೆ ಹೋದ ಹಾಗಾಯಿತು... ಏನೂ ಇರಲಿಲ್ಲ.

ರಿಸೆಪ್ಶನ್ನಿನ ಕುರ್ಚಿ ಮರುದಿನವೇ ಭವ್ಯಶ್ರೀಗೆ ಸಿಕ್ಕಿತು.

ಕಟ್ಟುಕತೆ ಅನ್ನಬೇಡಿ. ಮಣ್ಣಿನಲ್ಲಿ ಆಡುವಾಗ ಅವಳನ್ನು ನಾನೂ ಅದೇ ಹೆಸರಿನಿಂದ ಕರೆದವಳು. ಈಗ ನೆನಪಿಲ್ಲ. ಅಜ್ಜಿ ಅವಳನ್ನು ಜಗಲಿಯಿಂದ ಕರೆಯುವ ಹಳೇ ವಿಡಿಯೋ ನನ್ನ ಫೋನಿನಲ್ಲಿದೆ, ಬೇಕಾದರೆ ತೋರಿಸುತ್ತೇನೆ. ಹಿಂದಿನಿಂದ ಕಾಗೆ ಕೂಗುವುದು ಚೆನ್ನಾಗಿ ಕೇಳುತ್ತದೆ. ಅಜ್ಜಿಯ ತುಟಿ ಆಡುತ್ತದೆ, ದನಿ ಮಾತ್ರ ಇಲ್ಲ.

ಕುರ್ಚಿ ಕೈತಪ್ಪಿದ ಆ ರಾತ್ರಿ ನಿಶ್ಮಿತಾ ಫೋನು ಮಾಡಿದಾಗ ನಾನು ಚಿಕ್ಕಮ್ಮನ ಪಕ್ಕದಲ್ಲೇ ಇದ್ದೆ. ಕೆಲಸ ಹೋದ ಸುದ್ದಿ ಅವಳು ಎತ್ತಲೇ ಇಲ್ಲ.

'ಅಮ್ಮ, ನನ್ನನ್ನೊಮ್ಮೆ ಕರಿ... ಯಾವಾಗಲೂ ಕರೆಯುವ ಹಾಗೆ.'

ಚಿಕ್ಕಮ್ಮ ಬಾಯಿ ತೆರೆದರು. ಆಮೇಲೆ ಫೋನನ್ನು ಕಿವಿಯಿಂದ ಮೆಲ್ಲ ಕೆಳಗಿಳಿಸಿ, ನನ್ನ ಮುಖ ನೋಡಿದರು.