ಬಲಗಡೆ ಬರಬೇಡ

...ಕೈ ತೆಗಿ. ತೆಗಿ ಅಂದೆ. ಮುಟ್ಟಬೇಡ. ಬಲಗಡೆ ಬರಬೇಡ ಅಂತ ಎಷ್ಟು ಸಲ ಹೇಳಿದೀನಿ ಅನಘಾ, ನೀನು ಇಷ್ಟುದ್ದ ಇದ್ದಾಗಿಂದ?

ಕೂತ್ಕೋ. ಈ ಕಡೆ... ಎಡಕ್ಕೆ. ಹಾಂ. ಕಲ್ಲು ಬೆಂಚು ತಣ್ಣಗಿದೆ. ಬಿಲ್ಡಿಂಗ್ ಕೆಳಗಿನ ಈ ಖಾಲಿ ಜಾಗ, ಈ ವಾಯ್ಡ್ ಡೆಕ್ಕಲ್ಲಿ ಸಾಯಂಕಾಲ ಒಳ್ಳೆ ಗಾಳಿ. ಮೇಲೆ ಮನೇಲಿ ಬೇಡ ಅಂತ ನೀನೇ ಕೆಳಗೆ ಕರ್ಕೊಂಡು ಬಂದೆ. ಸರಿ. ಮಾತಾಡೋಣ. ಮಗು ಹಣೆ ಹೇಗಿದೆ?

ಐಸ್ ಇಟ್ಟೆಯಾ... ಬುಗುಟು ಇಳಿಯುತ್ತೆ ಬಿಡು. ಸ್ಕೂಲ್ ಬಸ್ಸಿಂದ ಇಳಿದಿದ್ದೇ ಓಡಿ ಬಂದು ತಬ್ಕೊಂಡ್ಲು ರಿಯಾ. ನಾನು ತಿರುಗಿ ಎಡಗಡೆ ಕೊಡಬೇಕಿತ್ತು. ಮೊದಲಾದ್ರೆ ನಿದ್ದೇಲೂ ತಿರುಗ್ತಿದ್ದೆ. ಈಗ ಮೈ ನಿಧಾನ. ಹಣೆ ಹೋಗಿ ನೆಟ್ಟಗೆ ಅದಕ್ಕೇ... ಏನಂದ್ಲು ಗೊತ್ತಾ, ಈ ಊರೋರ ಹಾಗೇ ರಾಗ ಎಳೆದು? "ತಾತನ ಹೊಟ್ಟೇಲಿ ಐರನ್ ಇದೆ ಲಾ!"

ನಗು ಬರಲ್ವಾ ನಿನಗೆ?

ಬರಲ್ಲ. ಹೋಗ್ಲಿ.

ಏನದು ಅಂದ್ರೆ? ಸೊಂಟದ ಪಟ್ಟಿ. ನೋವಿಗೆ. ಊರಲ್ಲಿ ಡಾಕ್ಟ್ರು ಕೊಟ್ಟಿದ್ದು... ಪಟ್ಟಿಗೆ ಬುಗುಟು ಬರುತ್ತಾ ಅಂದ್ರೆ, ಬರುತ್ತೆ. ಒಳಗೆ ಕಂಬಿ ಇರುತ್ತೆ ಕಣಮ್ಮ. ಕಂಬಿ.

ಹಾಗೆ ನೋಡಬೇಡ.

ಓ... ನೀನು ಅದು ಅಂದ್ಕೊಂಡ್ಯಾ? ರಿವಾಲ್ವರ್ರು?

ಮೆತ್ತಗೇ ಹೇಳಿದ್ದು. ಆ ಚೀನೀ ಅಂಕಲ್‌ಗೆ ಕನ್ನಡ ಬರಲ್ಲ, ಅವನ ಪಾಡಿಗೆ ಹಕ್ಕಿ ಪಂಜರ ನೋಡ್ಕೊಂಡು ಕೂತಿದಾನೆ... ಹೌದು, ಆ ಒಂದು ಮಾತು ಅವನಿಗೂ ಅರ್ಥ ಆಗುತ್ತೆ. ಸರಿ, "ಅದು" ಅಂತೀನಿ. ನಿಮ್ಮಮ್ಮನೂ ಹಾಗೇ ಅಂತಿದ್ದಿದ್ದು. "ಅದನ್ನ ತಗೊಂಡ್ರಾ?" ಗಂಡನ ಹೆಸರು ಹೇಗೆ ಹೇಳ್ತಿರಲಿಲ್ವೋ ಹಾಗೇ ಅದರ ಹೆಸರೂ ಹೇಳ್ತಿರಲಿಲ್ಲ.

ನನಗೂ ಗೊತ್ತಮ್ಮ. ಈ ಊರಲ್ಲಿ ಅದು ಸಿಕ್ಕರೆ ಹರ್ಷನ ಕೆಲಸ, ನೀವಿಲ್ಲಿ ಇರೋಕೆ ಕೊಟ್ಟಿರೋ ಪಾಸು, ಮಗು ಸ್ಕೂಲು, ಎಲ್ಲ ಹೋಯ್ತು. ಒಂದು ಖಾಲಿ ತೋಟಾ ಸಿಕ್ಕರೂ ಬಿಡಲ್ಲ ಇವರು. ಓದಿಲ್ಲ ನಾನು. ಹಾಗಂತ ಅಷ್ಟು ದಡ್ಡನೂ ಅಲ್ಲ. ಪ್ಲೇನಲ್ಲಿ ಹೇಗೆ ತರ್ತಾರೆ ಅದನ್ನ? ಚಟ್ನಿಪುಡಿ ಡಬ್ಬೀಲಿ ಹೂತಿಟ್ಟಾ?

ಕೆಲಸ ಬಿಟ್ಟ ವಾರವೇ ಸ್ಟೇಷನ್ನಿಗೆ ಒಪ್ಪಿಸಿ, ಲೈಸೆನ್ಸೂ ವಾಪಸ್ ಕೊಟ್ಟು ಬಂದೆ. ನಿಮ್ಮಮ್ಮ ಜೊತೇಲೇ ಬಂದಿದ್ಲು. ಹೊರಗೆ ಬಂದು ಎಳನೀರು ಕುಡಿದ್ವಿ. "ಇವತ್ತಿಂದ ನಿಮ್ಮ ಸೊಂಟ ನಿಮ್ಮದು" ಅಂದ್ಲು. ಕೇಳಿದೀಯಲ್ಲ ಇದನ್ನ. ಮತ್ತೇನು?

ಹರ್ಷನಿಗೆ ಹೇಳಿದೀಯಾ?

ಹೇಳಿಲ್ಲ... ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಂದ ಅವನು ಬರೋಷ್ಟರಲ್ಲಿ ನಿನಗೆ ಗೊತ್ತಾಗಬೇಕು. ಇಲ್ಲಾಂದ್ರೆ ಅವನಿಗೆ ಹೇಳ್ತೀಯಾ. ಹೇಳು. ಹೇಳಬೇಕಾದ್ದೇ.

ತೋರಿಸಿ ಅಂದ್ರೆ? ಇಲ್ಲೇ, ಅಂಗಿ ಎತ್ತಿ?

ಆಗಲ್ಲಮ್ಮ. ಮೊಂಡಾಟ ಅಲ್ಲ. ಕೈ ಏಳಲ್ಲ. ಅರ್ಧ ಆಯಸ್ಸು ಅಂಗಿ ಎತ್ತದ ಹಾಗೆ ಬದುಕಿದೋನು ನಾನು.

ನಿನಗೆ ಆ ಕೆಲಸ ಗೊತ್ತು, ಗೊತ್ತೂ ಇಲ್ಲ. ಉಪೇಂದ್ರ ಸಾಹುಕಾರ್ರ ಅಂಗಡಿ ಒಡವೆ. ಬೆಂಗಳೂರಲ್ಲಿ ಕಟ್ಟಿಸ್ಕೊಂಡು ಮೈಸೂರಿಗೆ ಮುಟ್ಟಿಸೋದು. ಕೆಂಪು ಬಸ್ಸಲ್ಲಿ. ಕಾರಾದ್ರೆ ಅಡ್ಡ ಹಾಕ್ತಾರೆ, ಬಸ್ಸಲ್ಲಿ ಚಿತ್ರಾನ್ನದ ಡಬ್ಬಿ ಇಟ್ಕೊಂಡೋನನ್ನ ಯಾರು ಕೇಳ್ತಾರೆ ಅಂತ ಅವರ ಲೆಕ್ಕ. ಡಬ್ಬೀಲಿ ಕೆಳಗೆ ಬಳೆ, ಮೇಲೆ ಚಿತ್ರಾನ್ನ. ಜೀವಕ್ಕೆ ಇರಲಿ ಅಂತ ಸೊಂಟದಲ್ಲಿ ಅದು. ಸಣ್ಣದೂ ಸಿಗ್ತಿತ್ತು. "ಸಣ್ಣದು ಆಟದ ಸಾಮಾನು ದ್ವಾರಕನಾಥ, ಕೈತುಂಬ ಹಿಡಿ ಸಿಗೋದು ತಗೋ" ಅಂದ್ರು. ಅವರಿಗೇನು, ಸೊಂಟ ನಂದು. ಕೂತರೆ ಹೊಟ್ಟೆಗೆ ಒತ್ತೋದು. ನಿಂತರೆ ಪ್ಯಾಂಟು ಜಾರೋದು. ಅಂಗಿ ಹಾಕ್ಕೊಂಡ್ರೆ ಪಕ್ಕದಲ್ಲಿ ಬದನೆಕಾಯಿ ಇಟ್ಕೊಂಡ ಹಾಗೆ ಕಾಣೋದು.

ನಿಮ್ಮಮ್ಮ... ಕಾಮಾಕ್ಷಿ ಎರಡು ದಿನ ಮಾತಾಡಲಿಲ್ಲ. ಆಮೇಲೆ ಟೇಪು ತಗೊಂಡು ಬಂದ್ಲು. "ನಿಂತ್ಕೊಳ್ಳಿ."

ಬಿಳೀದು ಬೇಡ, ತಿಳೀದು ಬೇಡ, ಚೌಕಳಿ ಅಂಗಿ. ಚೌಕಳೀಲಿ ಕಣ್ಣು ಗೆರೆ ಹಿಡ್ಕೊಂಡು ಹೋಗಿಬಿಡುತ್ತೆ, ಉಬ್ಬು ಕಾಣಲ್ಲ ಅಂತಿದ್ಲು. ಬಲಗಡೆ ಎರಡು ಬೆರಳು ಸಡಿಲ, ಎಡಗಡೆ ಅಳತೆಗೆ. ಗಾಳಿಗೆ ಏಳಬಾರದು ಅಂತ ಅಂಚಿನ ಮಡಿಕೇಲಿ ಮೀನುಬಲೆಯ ಸೀಸದ ಗುಂಡು ಇಟ್ಟು ಹೊಲಿದ್ಲು. ನೋಡು, ಇದರಲ್ಲೂ ಇದೆ. ಮುಟ್ಟು... ಅಂಚು ಮಾತ್ರ. ಅಂಚು ಮಾತ್ರ ಅಂದೆ!

ಆಮೇಲೆ ಪರೀಕ್ಷೆ. ಕೊಡ ಎತ್ತಿಸೋಳು. ಅಟ್ಟದ ಮೇಲಿಂದ ಡಬ್ಬ ತೆಗೆಸೋಳು. ಬಗ್ಗಬೇಡಿ, ಮಂಡಿ ಮಡಚಿ ಕೂತು ಏಳಿ. ಬೆಳಗ್ಗೆ ಹೊರಡುವಾಗ ದಿನಾ ಬಾಗಿಲಲ್ಲಿ ನಿಂತು ಹಿಂದಿನಿಂದ ನೋಡೋಳು. "ಕಾಣಿಸ್ತಿದೆ, ತಿರುಗಿ... ಕೈ ಬಿಡಿ... ಹಾಂ, ಈಗ ಹೋಗಿ ಬನ್ನಿ." ಆ "ಹೋಗಿ ಬನ್ನಿ" ಬರೋವರೆಗೂ ನಾನು ಹೊಸಿಲು ದಾಟ್ತಿರಲಿಲ್ಲ.

ಅದಕ್ಕೇ ಇವತ್ತು ಸಿಕ್ಕಿಬಿದ್ದೆ. ಹಿಂದಿನಿಂದ ನೋಡೋರಿಲ್ಲ.

ಇಲ್ಲ, ಒಂದು ಸಲಾನೂ ತೆಗೀಲಿಲ್ಲ. ಯಾರ ಮೇಲೂ ಇಲ್ಲ. ಅದು ಸೊಂಟದಲ್ಲಿದ್ರೆ ಜಗಳ ಆಡೋ ಹಾಗಿಲ್ಲ ಕಣಮ್ಮ. ಅದೇ ಅದರ ಮೊದಲ ನೇಮ. ಕೋಪ ಬಂದ್ರೆ ಕೈಮುಗೀಬೇಕು. ಮದ್ದೂರಲ್ಲಿ ಆ ಕಂಡಕ್ಟರ್ರು ಚಿಲ್ಲರೆಗೋಸ್ಕರ ನನ್ನ ಕತ್ತಿನಪಟ್ಟಿ ಹಿಡ್ಕೊಂಡ. ನೀನು ಪಕ್ಕದಲ್ಲಿದ್ದೆ, ಎರಡು ಜಡೆ. ನಾನು "ತಪ್ಪಾಯ್ತಣ್ಣ" ಅಂದೆ. ನೀನು ಮೈಸೂರು ಬರೋವರೆಗೂ ನನ್ನ ಮುಖ ನೋಡಲಿಲ್ಲ. ಅಪ್ಪ ಪುಕ್ಕಲ ಅಂದ್ಕೊಂಡೆ.

ಅಂದ್ಕೊಂಡೆ. ನನಗೆ ಗೊತ್ತು. ಬಿಡು, ಬಿಡು. ಹೇಳೋ ಹಾಗಿರಲಿಲ್ಲ ನಾನು.

ತಬ್ಕೊಳ್ಳೋ ಹಾಗೂ ಇರಲಿಲ್ಲ.

ನೀನು ಹರ್ಷನ ಜೊತೆ ಮದುವೆ ಆಗಿ ಹೊರಟಾಗ ಬಲಗಡೆಯಿಂದ ಬಂದೆ. ನಾನು ಹಿಂದೆ ಸರಿದೆ. ಅವತ್ತು ಸೊಂಟದಲ್ಲಿ ಅದು ಇರಲೂ ಇಲ್ಲ... ಮೈ ತಾನೇ ಸರೀತು. ನಿಮ್ಮಮ್ಮ ನೋಡಿದ್ಲು.

ಅಳಬೇಡ. ಎಲ್ಲಿಗೋ ಹೋಯ್ತು ಮಾತು.

ಒಂದು ತಮಾಷೆ ಹೇಳ್ತೀನಿ ತಡಿ. ಆಯುಧ ಪೂಜೆ ದಿನ ಅದನ್ನೂ, ನಿಮ್ಮಮ್ಮನ ದೊಡ್ಡ ಹೊಲಿಗೆ ಕತ್ತರೀನೂ ಒಂದೇ ಮಣೆ ಮೇಲೆ ಇಡ್ತಿದ್ವಿ. ಕುಂಕುಮ, ಸೇವಂತಿಗೆ. ಒಂದು ವರ್ಷ ಎರಡನ್ನೂ ಒಂದೊಂದು ಕೈಲಿ ತೂಗಿ ನೋಡಿ ಅಂದ್ಲು: "ಎರಡೂ ಒಂದೇ ತೂಕ ಕಣ್ರೀ. ನನ್ನದು ದುಡಿದು ಹಾಕುತ್ತೆ, ನಿಮ್ಮದು ಸುಮ್ಮನೆ ಸೊಂಟದ ಮೇಲೆ ಸವಾರಿ ಹೋಗುತ್ತೆ." ಹೆಹ್. ನಿಜ ಅಲ್ವಾ...

ಏನು?

ಕತ್ತರಿ... ಅದರ ಮಾತು ಬಿಡು. ಬಾಯಿಗೆ ಬಂತು, ಅಂದೆ. ಸಿಗಲಿಲ್ಲ ಅಂತ ಹೇಳಿದ್ನಲ್ಲ. ಉಮಾ ತಗೊಂಡು ಹೋಗಿರಬೇಕು. ನಿಮ್ಮಮ್ಮನ ಹತ್ರ ಹೊಲಿಗೆ ಕಲಿಯೋಕೆ ಬರ್ತಿದ್ದೋಳು. ಆಗ್ಲೇ ಹೇಳಿದೀನಿ ನಿನಗೆ. ಮತ್ತೆ ಯಾಕೆ...

ಎಲ್ಲಿದ್ದೆ ನಾನು? ಹಾಂ, ತೂಕ. ಅದನ್ನ ಒಪ್ಪಿಸಿ ಬಂದ ಮೇಲೆ ನಡಿಗೆ ಹೋಯ್ತು. ಬಲಗಡೆ ಖಾಲಿ. ಎಡಕ್ಕೆ ವಾಲ್ತಿದ್ದೆ. "ಒಂದೇ ಕಡೆ ಮೂಟೆ ಹೇರಿದ ಗಾಡಿ ಹಾಗೆ ನಡೀತೀರಿ" ಅಂತ ನಗೋಳು. ಎಡಗಡೆ ಅವಳೇ ಇರ್ತಿದ್ಲು, ಹೆಗಲು ಕೊಟ್ಟು ನಡೆಸೋಳು. ಸಾಗ್ತಿತ್ತು. ಆಮೇಲೆ ಜ್ವರ ಅಂತ ಮಲಗಿದ್ಲು. ಅಷ್ಟೇ. ಎಡಗಡೇನೂ ಖಾಲಿ. ಎರಡೂ ಕಡೆ ಖಾಲಿ ಆದ್ರೆ ಮನುಷ್ಯ ಹೇಗಮ್ಮ ನಿಲ್ಲೋದು? ಅದಕ್ಕೇ ಆ ಹಳೇ ಚರ್ಮದ ಚೀಲ ಹಾಕ್ಕೊಂಡೆ. ಅದನ್ನ ಇಡ್ತಿದ್ದ ಚೀಲ. ಖಾಲಿ ಚೀಲ ಜೋತಾಡುತ್ತೆ. ತೂಕಕ್ಕೆ ಏನಾದ್ರೂ ಬೇಕಲ್ಲ. ಕೈಗೆ ಸಿಕ್ಕಿದ್ದು...

ಕೈಗೆ ಸಿಕ್ಕಿದ್ದು ಇಟ್ಕೊಂಡೆ.

ಯಾಕೆ ಸುಮ್ಮನಾದೆ?

ಅನಘಾ.

ಏನಾದ್ರೂ ಅನ್ನು. ಆಗಿಂದ ಬಡಬಡ ಅಂತಿದ್ದೆ, ಹರ್ಷ, ಪಾಸು, ಪೊಲೀಸು ಅಂತ... ಬೈಯಿ ಬೇಕಾದ್ರೆ. ಹೀಗೆ ಕೂತರೆ ಹೇಗೆ? ನಿಮ್ಮಮ್ಮನೂ ಹೀಗೇ ಕೂರೋಳು.

...

ಸರಿ. ನೋಡು.

ಇಗೋ ಎತ್ತಿದೆ. ನೋಡು.

ಕತ್ತರಿಯ ಹೆಬ್ಬೆಟ್ಟಿನ ಹಿಡೀಗೆ ಅವಳು ಸುತ್ತಿದ್ದ ಬಟ್ಟೆ ಹಾಗೇ ಇದೆ. ನಿನ್ನ ಹಸಿರು ಲಂಗದ ತುಂಡು ಅದು, ಗುರುತು ಸಿಕ್ತಾ? ನಾನು ಬಿಚ್ಚಿಲ್ಲ. ತೊಳೆದೂ ಇಲ್ಲ. ಅವಳ ಬೆವರು ಇರಬಹುದು ಅಂತ.

ಹೌದು. ಕಾರ್ಯ ಮುಗಿದ ಮಾರನೇ ದಿನ. ನೀನು ಅಮ್ಮನ ಸೀರೆ ಬೇಡ, ಬಳೆ ಬೇಡ, ಆ ಕತ್ತರಿ ಒಂದು ಸಾಕು ಅಂದೆ. ಮಿಷನ್ನಿನ ಡ್ರಾಯರ್ರು, ಅಟ್ಟ, ಅಕ್ಕಿ ಡಬ್ಬ ಕೂಡ ಮೊಗಚಿದೆ. ನಾನು ಕುರ್ಚೀಲಿ ಕೂತು ನೋಡ್ತಿದ್ದೆ. ಆಗಲೂ ಇಲ್ಲೇ ಇತ್ತು, ಸೊಂಟದಲ್ಲಿ. ನೀನು ಅಳ್ತಾ ಕೇಳಿದಾಗ ಉಮಾ ಅಂದುಬಿಟ್ಟೆ. ಬಾಯಿಗೆ ಬಂದ ಹೆಸರು. ಪಾಪ, ನೀನು ಅವಳನ್ನ ಬೀದೀಲಿ ನಿಲ್ಲಿಸಿ ಕೇಳಿದೆ. ಆವತ್ತಿಂದ ಅವಳು ನಮ್ಮ ಬೀದಿಗೆ ಬರಲಿಲ್ಲ.

ಫೋನ್ ಮಾಡ್ತೀನಿ ಅವಳಿಗೆ. ನಾನೇ ಮಾಡ್ತೀನಿ. ನೀನು ನಂಬರ್ ಒತ್ತಿ ಕೊಡು.

ನಿನಗೆ ಕೊಟ್ಟಿದ್ರೆ ನೀನು ಡಬ್ಬೀಲಿ ಇಡ್ತಿದ್ದೆ, ದಿನಾ ನೋಡ್ತಿದ್ದೆ. ನ್ಯಾಯ ನಿನ್ನ ಕಡೇನೇ. ಆದರೆ ನನಗೆ ನೋಡೋದು ಸಾಲಲ್ಲ ಕಣಮ್ಮ. ಮೈಗೆ ತಾಗಬೇಕು.

ಏನಂದೆ? ಇದೂ ತಪ್ಪಾ ಈ ಊರಲ್ಲಿ? ಕತ್ತರೀನೂ? ಸೊಂಟದಲ್ಲಿ ಬಚ್ಚಿಟ್ಕೊಂಡು ಎಂಆರ್‌ಟಿ ರೈಲು ಹತ್ತಬಾರದಾ... ಸೂಟ್‌ಕೇಸಲ್ಲಿ ಹಾಕಿ ತಂದೆ, ಯಾರೂ ಏನೂ ಅನ್ನಲಿಲ್ಲ. ಹೊಲಿಯೋ ಸಾಮಾನು ತಾನೇ ಅಂದ್ಕೊಂಡೆ... ಗೊತ್ತಿರಲಿಲ್ಲಮ್ಮ. ದೇವರಾಣೆ ಗೊತ್ತಿರಲಿಲ್ಲ.

ತಗೋ. ಹರ್ಷ ಬರೋದ್ರೊಳಗೆ ತಗೋ.

ಕೈ ಚಾಚಬೇಡ, ಕೈಗೆ ಕೊಡಬಾರದು. ಕತ್ತರಿ ಕೈಯಿಂದ ಕೈಗೆ ಹೋದ್ರೆ ಜಗಳ ಅಂತಿದ್ಲು. ಈ ಮೇಜಿನ ಮೇಲೆ ಇಡ್ತೀನಿ. ಮೇಜಿಗೇ ಬರೆದಿರೋ ಚೆಸ್ಸಿನ ಮನೆ ಮೇಲೆ... ನೋಡು, ಇದೂ ಚೌಕಳೀನೇ. ನೀನಾಗೇ ಎತ್ಕೋ.

ಎತ್ಕೋ ಅನಘಾ.

ಎತ್ಕೊಳ್ಳಲ್ವಾ? ಎಲ್ಲಿಗೆ ಎದ್ದೆ? ಹರ್ಷನಿಗೆ ಫೋನಾ... ಅಲ್ಲ. ಯಾಕೆ ಈ ಕಡೆ ಸುತ್ಕೊಂಡು ಬರ್ತಿದೀಯಾ? ಅಲ್ಲಿ ಬೇಡ, ಎಡಗಡೆ... ಹುಶಾರು, ಬಲಗಡೆ...

...

ಹಾಂ. ಕೂತ್ಕೋ. ಇಲ್ಲೇ ಕೂತ್ಕೋ. ತಲೆ ಇಡು.

ಈಗ ಏನಿಲ್ಲ ಅಲ್ಲಿ.