ಕತ್ತು ತಿರುಗದ ಕಡೆ

ಮೂಗಿನ ಡುಬ್ಬ ಇಳಿಸಿಕೊಳ್ಳಲು ಬಂದಿದ್ದ ಟೀಚರಮ್ಮ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಬೆಂಚಿನ ಮೇಲೆ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ಕಿವಿಯೆಲ್ಲ ಮಾತ್ರ ಪಕ್ಕದ ಅಪ್ಪ ಮಗಳ ಕಡೆಗೇ ಇತ್ತು. ಮಗಳ ಕತ್ತಿನ ಸುಟ್ಟ ಚರ್ಮ ಬಿಗಿದುಕೊಂಡು, ಮುಖವನ್ನು ಬಲಕ್ಕೇ ಎಳೆದು ನಿಲ್ಲಿಸಿತ್ತು.

“ಅಪ್ಪ, ಫಾರಂನಲ್ಲಿ ‘ಅಂದಕ್ಕಾಗಿ’ ಅನ್ನೋದಕ್ಕೆ ಟಿಕ್ ಹಾಕಿದೀಯಲ್ಲ.”

“ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಅದೇ ತಾನೆ?”

“ಅಲ್ಲಪ್ಪ. ಮೂಗು ಚೆಂದ ಮಾಡಿಸ್ಕೊಳ್ಳೋದು ಬೇರೆ. ನನ್ನದು ಕತ್ತು ತಿರುಗೋ ಹಾಗೆ ಮಾಡೋದು. ತೊಡೆ ಚರ್ಮ ತೆಗೆದು ಇಲ್ಲಿ ಹಾಕ್ತಾರೆ.”

ಟೀಚರಮ್ಮ ಪುಸ್ತಕವನ್ನು ಮೂಗಿನ ತನಕ ಏರಿಸಿದರು.

“ಇದನ್ನ ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದೆ, ಮೂರು ವರ್ಷದ ಹಿಂದೆ. ನೀನೇ ‘ಬೇಕರೀಲಿ ಬ್ರೆಡ್ ಬೇಯಿಸೋಳಿಗೆ ಯಾವ ಅಂದ’ ಅಂದೆ. ಕೆಲಸದೋರೆಲ್ಲ ನಕ್ಕರು.”

ಅಪ್ಪ ಆ ಟಿಕ್ಕಿನ ಮೇಲೆ ಪೆನ್ನಿನಿಂದ ಗೀಚಿದ. ಕಾಗದ ಹರಿಯುವ ತನಕ ಗೀಚಿದ.

“ಬಿಡು, ಬೇರೆ ಫಾರಂ ಕೊಡ್ತಾರೆ. ಈ ಕಡೆ ಬಂದು ಕೂತ್ಕೋ. ಎಡಗಡೆ ಕೂತ್ರೆ ನೀನು ನಂಗೆ ಕಾಣಲ್ಲ.”

“ಗೊತ್ತಮ್ಮ. ಅದಕ್ಕೇ ಇಲ್ಲಿ ಕೂರ್ತೀನಿ.”

“ಮನೇಲೂನಾ?”

“ನೀನು ಬಗ್ಗಿದ್ದನ್ನ ನೋಡದೆ ಬೇಕರಿ ಒಲೆ ಬಾಗಿಲು ಎಳೆದು ತೆಗೆದೋನು ನಾನು. ಯಾವ ಮುಖ ಇಟ್ಕೊಂಡು ಎದುರಿಗೆ ಕೂರಲಿ?”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ಮಗಳು ಎದ್ದಳು. ಕತ್ತು ತಿರುಗದ್ದರಿಂದ ಇಡೀ ಮೈಯನ್ನೇ ಅಪ್ಪನ ಕಡೆ ತಿರುಗಿಸಿ, ಅವನು ತಲೆ ಎತ್ತುವ ತನಕ ನಿಂತಳು.

“ಬಾ, ಕರೀತಿದಾರೆ.”

ಅವನು ಹರಿದ ಫಾರಂ ಮಡಚಿಕೊಂಡು, ಅವಳ ಬಲಗಡೆಗೆ ಬಂದು ನಡೆದ.