ಮಾವನವರ ಕಲ್ಲುಗಳನ್ನು ಒಪ್ಪಿಸುವ ಮುನ್ನ

ಅನಗೋಳ ಹಿರಿಯರ ಬಳಗದ ಅಧ್ಯಕ್ಷರೂ, ಇಂದಿನ ಸಭೆಯನ್ನು ಸರಿಯಾದ ವೇಳೆಗೆ ಮುಗಿಸಿಯೇ ತೀರುತ್ತೇನೆಂದು ಪಣ ತೊಟ್ಟವರೂ ಆದ ಗಜಾನನ ಕಾಕಾ ಅವರೇ, ಸನ್ಮಾನದ ಕುರ್ಚಿಯಲ್ಲಿ ನನ್ನ ಕಡೆ ನೋಡದೆ ಕುಳಿತಿರುವ ನನ್ನ ಮಾವನವರಾದ ಪಂಢರಿನಾಥ ಅವರೇ, ಖಾಸಬಾಗದಿಂದ, ಖಾನಾಪುರದಿಂದ ಬಂದಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಮಗಳನ್ನು ಎತ್ತಿಕೊಂಡು ನಿಂತಿರುವ ನನ್ನ ಯಜಮಾನರಾದ ವಿಕ್ರಮ ಅವರೇ, ಸಭಿಕರೇ,

ನನ್ನನ್ನು ಇಲ್ಲಿ ನಿಲ್ಲಿಸಿದ ಕಾರಣ ನಿಮಗೆ ಗೊತ್ತು. ಗಜಾನನ ಕಾಕಾ ಮನೆಗೆ ಬಂದು, "ಪೂನಮ, ನೀ ಕಲತಾಕಿ ಅದಿ. ನಾಕ ಮಾತ ಮಾತಾಡು, ಆಮ್ಯಾಲೆ ಕೀಲಿ ಹಾಕೂಣು" ಅಂದರು. ಕೀಲಿ ಎಂದರೆ ಇಗೋ, ನನ್ನ ಬಲಕ್ಕೆ ನಿಂತಿರುವ ಈ ಹೊಸ ಗಾಜಿನ ಕಪಾಟಿನದು. ಮಾವನವರು ತಾವು ಕೂಡಿಸಿದ ಕಲ್ಲುಗಳನ್ನೆಲ್ಲ ಬಳಗಕ್ಕೆ ಒಪ್ಪಿಸುತ್ತಿದ್ದಾರೆ. ಅವು ಆ ಚೀಲಗಳಲ್ಲಿವೆ. ನನ್ನ ಮಾತು ಮುಗಿದ ಕೂಡಲೇ ಅವು ಗಾಜಿನ ಹಿಂದೆ ಹೋಗುತ್ತವೆ. ಹೀಗಾಗಿ ನಾನು ಸ್ವಲ್ಪ ಉದ್ದ ಮಾತಾಡಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಮಾವನವರು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದವರು. ಖಾನಾಪುರದಲ್ಲಿ, ಆಮೇಲೆ ಬೆಳಗಾವಿಯಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಅವರ ಮುಖ ಮರೆತರೂ ದನಿ ಮರೆತಿರಲಿಕ್ಕಿಲ್ಲ. ಲೋಂಡಾ, ನಂದಗಡ, ಜಾಂಬೋಟಿ ಎಂದು ಅವರು ಮೈಕಿನಲ್ಲಿ ಕೂಗಿದರೆ ನಿದ್ದೆಗಣ್ಣಿನವರೂ ಗಂಟು ಎತ್ತಿಕೊಂಡು ಓಡುತ್ತಿದ್ದರಂತೆ. ಜಗತ್ತನ್ನೆಲ್ಲ ಹೊರಡಿಸಿ ತಾವು ನಿಂತಲ್ಲೇ ನಿಲ್ಲುವ ಕೆಲಸ ಅದು. ಅಂಥವರು ನಿವೃತ್ತರಾದರೆ ಮನೆಯಲ್ಲಿ ಯಾರನ್ನು ಹೊರಡಿಸಬೇಕು? ನಮ್ಮನ್ನೇ. "ವಿಕ್ರಮಾ, ಟೈಮ್ ಆತು. ಪೂನಮಾ, ಹಾಲು ಉಕ್ಕಾಕತ್ತೈತಿ." ಹಾಲು ಇನ್ನೂ ಫ್ರಿಜ್ಜಿನಲ್ಲೇ ಇರುತ್ತಿತ್ತು.

ಆಮೇಲೆ ನಮ್ಮ ಅತ್ತೆ ಕುಂದಾ ಅವರು ಹೋದರು. ನಮ್ಮನ್ನು ಹೊರಡಿಸುವ ಮಾವನವರ ದನಿ ಅಂದೇ ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ. ಅಂಗಿಯ ಗುಂಡಿ ಹಾಕುವುದು, ತೆಗೆಯುವುದು. ಕಪಾಟು ತೆರೆಯುವುದು, ಮುಚ್ಚುವುದು. ಏನು ಹುಡುಕುತ್ತೀರಿ ಎಂದು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿದವರು ಮಲಗಿದರು, ಕೈ ಎಚ್ಚರವಾಗಿಯೇ ಇತ್ತು.

ಅಷ್ಟರಲ್ಲಿ ಸಾನಿಕಾ ಹುಟ್ಟಿದಳು. ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕಿಲ್ಲ. ತೊಟ್ಟಿಲಿಗೆ ಕೂಸಿಗಿಂತ ಮೊದಲು ಕಲ್ಲು ಹೋಗಬೇಕು. ಅರೆಯುವ ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ಕಟ್ಟಿ, ದುಪ್ಪಟಿ ಸುತ್ತಿ, ಗುಂಡಪ್ಪ ಎಂದು ಕರೆದು, ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು ಮೇಲಿಂದ ಒಬ್ಬರು ತೆಗೆದುಕೊಳ್ಳಬೇಕು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆದರೆ ನಮ್ಮ ಮನೆಯಲ್ಲಿ ಗುಂಡುಕಲ್ಲು ಎಲ್ಲಿಯದು? ನನ್ನ ಚಿಕ್ಕಮ್ಮ ಭೀಮಕ್ಕ ಅಡುಗೆಮನೆಯನ್ನೆಲ್ಲ ಹುಡುಕಿ ಸೊಂಟದ ಮೇಲೆ ಕೈ ಇಟ್ಟು, "ಮಿಕ್ಸರ್‌ಗೆ ಕುಂಚಗಿ ಕಟ್ಟಲೇನ?" ಅಂದಳು. ಕಡೆಗೆ ಖಾನಾಪುರದಿಂದ ಬರುವವರಿಗೆ ಫೋನ್ ಮಾಡಿ ಮಲಪ್ರಭೆಯ ಹೊಳೆಯಿಂದ ಒಂದು ಕಲ್ಲು ತರಿಸಿದೆವು. ಕಪ್ಪಗೆ, ಉದ್ದಕ್ಕೆ, ಬೆಣ್ಣೆಯಷ್ಟು ನುಣುಪು.

ಆ ಗದ್ದಲದಲ್ಲಿ ಯಾರೋ ಮೂಲೆಯಲ್ಲಿ ಕುಳಿತ ಮಾವನವರ ತೊಡೆಯ ಮೇಲೆ ಗುಂಡಪ್ಪನನ್ನು ಇಟ್ಟು ಹೋಗಿಬಿಟ್ಟರು. ಚಷ್ಮಾ ಇಲ್ಲದ ಮಾವನವರು ಮೊಮ್ಮಗಳೆಂದೇ ಹಿಡಿದುಕೊಂಡರು. ಊಟದ ಪಂಕ್ತಿ ಎದ್ದಿತು, ಇನ್ನೊಂದು ಕುಳಿತಿತು. ಅವರು ಮೆಲ್ಲಗೆ ತಟ್ಟುತ್ತ ಕುಳಿತೇ ಇದ್ದರು. ಭೀಮಕ್ಕ ಆ ಕಡೆ ಹೋದಾಗ, "ಕೂಸು ಎಷ್ಟ ಗಪ್ ಐತಿ ನೋಡ್ರಿ. ಚೂರರ ಅಳವಲ್ದು" ಅಂದರಂತೆ.

"ಅಯ್ಯ ಬೀಗರ, ಅದು ಅಳೂದಿಲ್ರಿ. ಅದು ಗುಂಡಪ್ಪ."

ಮನೆಯೆಲ್ಲ ನಕ್ಕಿತು. ಮಾವನವರೂ ನಕ್ಕರು. ಆದರೆ ಕಲ್ಲನ್ನು ಕೆಳಗಿಡಲಿಲ್ಲ. ಆ ಮಧ್ಯಾಹ್ನ ಅವರು ಗೋಡೆಗೆ ಒರಗಿ, ಕುಂಚಿಗೆ ಹಾಕಿದ ಕಲ್ಲನ್ನು ಎದೆಗೆ ಇಟ್ಟುಕೊಂಡು ನಿದ್ದೆ ಹೋದರು. ಕೈಯೂ ಮಲಗಿತ್ತು. ನಾನು ಬಾಣಂತಿ, ಬಾಗಿಲ ಸಂದಿಯಿಂದ ನೋಡಿದೆ. ಆ ನಿದ್ದೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಕಲ್ಲು ಕೂಡಿಸುವುದು ಅಲ್ಲಿಂದ ಶುರು. ಗುಂಜಿಯ ಕಾಡಂಚಿನಿಂದ ಬೆಣಚುಕಲ್ಲು, ಎಲ್ಲಿಂದಲೋ ಕಾಗೆಬಂಗಾರದ ಹಾಳೆ ಹಾಳೆಯಾದ ಚೂರು, ಜೇನುಗೂಡಿನಂತೆ ತೂತು ತೂತಾದ ಕೆಂಪು ಜಂಬಿಟ್ಟಿಗೆ. ಪುಸ್ತಕ ನೋಡಿ ಹೆಸರು ಹೇಳುವವರಲ್ಲ ಅವರು. ಎಲ್ಲಿ ಸಿಕ್ಕಿತೋ ಆ ಊರೇ ಕಲ್ಲಿನ ಹೆಸರು. "ನಂದಗಡ ಎಲ್ಲಿ ಹೋತು?" ಎಂದು ಮನೆಯೆಲ್ಲ ಹುಡುಕುವರು. "ಅಪ್ಪಾ, ನಿನ್ನ ನಂದಗಡ ಮಂಚದ ಕೆಳಗ ಪಂಕ್ಚರ್ ಆಗಿ ನಿಂತೈತಿ" ಎಂದು ವಿಕ್ರಮ ಹೇಳುವರು.

ಬೆಳಗಿನ ಬಿಸಿಲಿಗೆ ಕಿಟಕಿಯ ಹತ್ತಿರ ಹಿತ್ತಾಳೆಯ ಅಗಲ ತಟ್ಟೆ, ಪರಾತದಲ್ಲಿ ನೀರು ತುಂಬಿ, ಒಂದೊಂದೇ ಕಲ್ಲನ್ನು ಅದರಲ್ಲಿ ಬಿಡುತ್ತಿದ್ದರು. ಬೂದಿ ಬಣ್ಣದ್ದು ನೀರಿಗೆ ಬಿದ್ದೊಡನೆ ಹಸಿರಾಗುತ್ತಿತ್ತು. ಕಪ್ಪಿನ ಒಳಗಿಂದ ಬಿಳಿ ಗೆರೆಯೊಂದು ಎದ್ದು ಬರುತ್ತಿತ್ತು. ನೀರಿನ ಬೆಳಕು ತಲೆಯ ಮೇಲಿನ ಛತ್ತಿನಲ್ಲಿ ತೂಗುತ್ತಿತ್ತು. "ನೀರಾಗ ಹಾಕಿದ್ರ ಎಚ್ಚರ ಆಗ್ತಾವ, ಒಣಗಿದ್ರ ಮಲಗ್ತಾವ" ಅನ್ನುತ್ತಿದ್ದರು. ಮಲಗುವುದು ಇಷ್ಟು ಸುಲಭವೇ ಎಂದು ನಾನು ನಿಂತು ನೋಡುತ್ತಿದ್ದೆ. ಸಾವಿರ ಮಳೆಗಾಲ ಹೊರಳಿ, ಮೂಲೆಯೆಲ್ಲ ಸವೆದು, ಇನ್ನು ಎಲ್ಲಿಗೂ ಹೊರಡುವುದಿಲ್ಲ ಎಂದು ಕುಳಿತ ಕಲ್ಲು. ಅದರ ಬಾಜು ಬಸ್ಸುಗಳನ್ನು ಹೊರಡಿಸಿ ಸಾಕಾದ ಮನುಷ್ಯ. ಇಬ್ಬರಿಗೂ ಅವಸರವಿಲ್ಲ.

ನನಗೆ ನಿದ್ದೆ ಇಲ್ಲ, ಸಭಿಕರೇ. ಕೂಸು ಮಲಗಿದರೆ ಉಸಿರಾಡುತ್ತದೆಯೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಎದ್ದರೆ ಯಾಕೆ ಎದ್ದಿತು ಎಂದು ಹೆದರುತ್ತೇನೆ. ಮುಂದಿನ ಸಾಲಿನ ಅಜ್ಜಿಯಂದಿರು ನಗುತ್ತಿದ್ದೀರಿ, ಆದರೆ ನೀವೂ ಬೆರಳು ಹಿಡಿದವರೇ ಅಲ್ಲವೇ? ಸಾನಿಕಾಗೆ ಮೊದಲ ಸಲ ಜ್ವರ ಬಂದ ಮಧ್ಯಾಹ್ನ ನಾನು ಕೋಣೆಯ ತುಂಬ ತಿರುಗುತ್ತಿದ್ದಾಗ, ಮಾವನವರು ಬಂದು ನನ್ನ ಅಂಗೈಯಲ್ಲಿ ಒಂದು ಕಲ್ಲು ಇಟ್ಟರು.

"ಮಾಮಾ, ಇದರಿಂದ ಏನ ಆಗ್ತೈತ್ರಿ?"

"ಏನೂ ಆಗಂಗಿಲ್ಲ. ಅದಕ್ಕ ಕೊಟ್ಟೇನಿ."

ತಣ್ಣಗಿತ್ತು. ನನ್ನ ಕೈಯ ಬಿಸಿಯನ್ನು ನಿಧಾನವಾಗಿ ಕುಡಿಯಿತು. ಜ್ವರ ಇಳಿಯುವವರೆಗೆ ನಾವಿಬ್ಬರೂ ಒಂದೊಂದು ಕಲ್ಲು ಹಿಡಿದು ತೊಟ್ಟಿಲ ಎರಡು ಕಡೆ ಕುಳಿತಿದ್ದೆವು.

ಹಾಗಾದರೆ ಈ ಕಲ್ಲುಗಳು ಇಲ್ಲಿಗೆ ಯಾಕೆ ಬಂದವು? ಸಾನಿಕಾ ಈಗ ಅಂಬೆಗಾಲು ಇಡುತ್ತಾಳೆ. ಕೈಗೆ ಸಿಕ್ಕಿದ್ದು ಬಾಯಿಗೆ. ಮೊನ್ನೆ ಅವಳ ಗಲ್ಲ ಉಬ್ಬಿದ್ದು ಕಂಡು ಬೆರಳು ಹಾಕಿದೆ. ಬಿಳಿಯ ಬೆಣಚುಕಲ್ಲು, ಕಡಲೆಕಾಳಿನಷ್ಟು. ತೆಗೆದು ತಿರುಗಿದರೆ ಬಾಗಿಲಲ್ಲಿ ಮಾವನವರು. ಮರುದಿನ ಕಿಟಕಿ ಖಾಲಿಯಾಗಿತ್ತು, ಚೀಲಗಳ ಬಾಯಿ ಕಟ್ಟಿತ್ತು. "ಬಳಗಕ್ಕ ಇರ್ಲಿ. ನಾಕ ಮಂದಿ ನೋಡ್ತಾರ" ಅಂದರು. ತೊಟ್ಟಿಲಿನ ಕಪ್ಪು ಕಲ್ಲೂ ಅದರಲ್ಲೇ ಇದೆ. ಖರೇ ಹೇಳುತ್ತೇನೆ, ನನಗೆ ಹಗುರವೆನಿಸಿತು.

ಆದರೆ ಅಂದಿನಿಂದ ಅಂಗಿಯ ಗುಂಡಿ ಮತ್ತೆ ಶುರುವಾಗಿದೆ. ಕಪಾಟು ತೆರೆಯುತ್ತದೆ, ಮುಚ್ಚುತ್ತದೆ. ನಿನ್ನೆ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಿದ್ದರು. "ಎಲ್ಲಿಗೆ ಹೊಂಟ್ರಿ ಮಾಮಾ?" ಅಂದೆ. "ಗೊತ್ತಿಲ್ಲವಾ" ಅಂದರು.

ಕೂಸಿನ ಗಂಟಲು ಒಂದು ಕಡೆ, ಈ ಕೈಗಳು ಒಂದು ಕಡೆ. ಯಾವ ತಾಯಿಯಾದರೂ ಯಾವುದನ್ನು ಆರಿಸುತ್ತಾಳೆ? ನಾನೂ ಅದನ್ನೇ ಆರಿಸಿದ್ದೆ. ಎರಡರಲ್ಲಿ ಒಂದೇ ಎಂದು ಹೇಳಿದವರು ಯಾರು ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಈಗ ಇಲ್ಲಿ, ಈ ಮೈಕ್ ಹಿಡಿದುಕೊಂಡು, ಕೇಳಿಕೊಳ್ಳುತ್ತಿದ್ದೇನೆ.

ಗಜಾನನ ಕಾಕಾ, ಕೀಲಿ ಸ್ವಲ್ಪ ತಡೆಯಿರಿ. ನನ್ನ ಮಗಳ ಬಾಯಿ ಎಷ್ಟಗಲ ತೆರೆಯುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಲ್ಲ. ಚೀಲಗಳನ್ನು ಇಲ್ಲೇ ಬಿಚ್ಚುತ್ತೇನೆ. ಆ ಬಾಯಿಯೊಳಗೆ ಹಿಡಿಸುವಂಥದ್ದು ಪ್ರತಿಯೊಂದೂ ಬಳಗಕ್ಕೆ, ಗಾಜಿನ ಹಿಂದೆ, ಕೀಲಿಯೊಳಗೆ. ಹಿಡಿಸದೇ ಇದ್ದದ್ದು ನಮ್ಮ ಮನೆಗೆ. ಅರ್ಧ ಕಪಾಟು ಖಾಲಿ ಉಳಿದರೆ ಬಳಗದವರು ಕ್ಷಮಿಸಬೇಕು.

ಮಾಮಾ, ಮನ್ಯಾಗ ಹೇಳಿದ್ರ ನೀವು "ಬ್ಯಾಡವಾ" ಅಂದು ಮಾತ ಮುಗಸ್ತಿದ್ರಿ. ಅದಕ್ಕ ಇಷ್ಟ ಮಂದಿ ಮುಂದ ಕೇಳಾಕತ್ತೇನಿ. ನಿಮಗಷ್ಟ ಅಲ್ರಿ, ನನಗೂ ಬೇಕಾಗ್ಯಾವ.

ಸಭಿಕರೇ, ಮಾವನವರು ಈ ಕಡೆ ನೋಡುತ್ತಿಲ್ಲ. ಆದರೆ ನೀವೀಗಷ್ಟೇ ಹೊದಿಸಿದ ಶಾಲನ್ನು ಹೆಗಲಿನಿಂದ ತೆಗೆದು ಮಡಿಲಿನಲ್ಲಿ ಹಾಸುತ್ತಿದ್ದಾರೆ. ದೊಡ್ಡ ಕಲ್ಲುಗಳಿಗೆ ಅಷ್ಟು ಜಾಗ ಸಾಕು. ಊಟ ಆರುವವರೆಗೆ ಕುಳಿತು ಕೇಳಿದ ನಿಮಗೂ, ಕೀಲಿಯನ್ನು ಜೇಬಿಗೆ ಇಳಿಸಿದ ಅಧ್ಯಕ್ಷರಿಗೂ ನನ್ನ ವಂದನೆಗಳು. ಇನ್ನು ಚೀಲ ಬಿಚ್ಚುತ್ತೇನೆ. ನಮಸ್ಕಾರ.